ಮಡಿಲು ತುಂಬುವ ಮುನ್ನ

ಮದುವೆಯಾಗಿ ಏಳೆಂಟು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ಮೊದಲು ಹರಕೆ, ಆಮೇಲೆ ಆಸ್ಪತ್ರೆ, ಕಡೆಗೆ ಮೌನ. ಆ ಮೌನದ ನೋವನ್ನು ನಮ್ಮ ಸಮಾಜದ ಎಷ್ಟೋ ಗೃಹಿಣಿಯರು ಬಲ್ಲರು. ಜಾತ್ರೆಯಲ್ಲಿ, ಮದುವೆಯ ಮನೆಯಲ್ಲಿ, ತವರಿನ ಹಬ್ಬದಲ್ಲಿ ಅದೇ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಬೇಸತ್ತ ಜೀವಗಳವು. ಅಂಥವರಿಗೆ ಯಾರಾದರೊಬ್ಬರು "ಒಂದು ಮಗುವನ್ನಾದರೂ ಸಾಕಿಕೊಳ್ಳಿ" ಎಂದು ಹೇಳುವುದುಂಟು. ಹೇಳುವುದು ಸುಲಭ. ಆ ಮಗು ಯಾವ ಬಾಗಿಲಿನಿಂದ ಬರಬೇಕು, ಬಂದ ಮೇಲೆ ಮನೆಯವರೆಲ್ಲರ ಮಗುವಾಗಿ ಬೆಳೆಯುವುದು ಹೇಗೆ ಎಂಬುದನ್ನು ವಿಚಾರಿಸುವವರು ಕಡಿಮೆ. ಈ ಸಂಚಿಕೆಯಲ್ಲಿ ಆ ವಿಷಯವಾಗಿ ನಾಲ್ಕು ಮಾತುಗಳನ್ನು ಓದುಗರೊಡನೆ ಹಂಚಿಕೊಳ್ಳಬಯಸುತ್ತೇವೆ.

ತರೀಕೆರೆ ಸೀಮೆಯ ಹಳ್ಳಿಯೊಂದರಲ್ಲಿ ನಮ್ಮ ಬಂಧುಗಳ ಮನೆಯಿದೆ. ಅಡಿಕೆ, ತೆಂಗಿನ ಸಾಧಾರಣ ಬೇಸಾಯ. ನಿತ್ಯ ಲಿಂಗಪೂಜೆ ತಪ್ಪದ ಮನೆ. ಮಗನಿಗೆ ಮದುವೆಯಾಗಿ ಹದಿನಾರು ವರ್ಷವಾಗಿದ್ದರೂ ಸಂತಾನವಿರಲಿಲ್ಲ. ಒಂದು ದಿನ ಮಧ್ಯವರ್ತಿಯೊಬ್ಬನು ಬಂದು, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಹೆರಿಗೆಗೆ ಬಂದಿರುವ ಹುಡುಗಿಗೆ ಮಗು ಬೇಡವಾಗಿದೆಯೆಂದೂ, ಇಷ್ಟು ಹಣ ಕೊಟ್ಟರೆ ಜನನ ಪತ್ರದಲ್ಲಿ ಇವರ ಹೆಸರನ್ನೇ ಬರೆಸಿಕೊಡುವುದಾಗಿಯೂ ಹೇಳಿದನು. ಯಾರಿಗೂ ತಿಳಿಯುವುದಿಲ್ಲ, ಅಲೆದಾಟವಿಲ್ಲ, ಹಸುಗೂಸು ನೇರವಾಗಿ ಮಡಿಲಿಗೆ ಬರುತ್ತದೆ. ದಂಪತಿಗಳು ನಮ್ಮನ್ನು ಕೇಳಿದರು. ಸತ್ಯವನ್ನು ಮರೆಮಾಚದೆ ಹೇಳುವುದಾದರೆ, ನಾವೂ ಒಂದು ಗಳಿಗೆ ಓಲಾಡಿದೆವು. ಸೊಸೆಯ ಮುಖವನ್ನು ನೋಡಿ ಬೇಡವೆನ್ನಲು ನಮ್ಮ ನಾಲಗೆ ಏಳಲಿಲ್ಲ. ಆದರೂ ಒಮ್ಮೆ ತಿಳಿದವರನ್ನು ಕೇಳೋಣವೆಂದು, ದತ್ತು ಸಂಸ್ಥೆಯೊಂದರಲ್ಲಿ ಬಹುಕಾಲದಿಂದ ಸಮಾಜ ಕಾರ್ಯಕರ್ತೆಯಾಗಿರುವ ಪರಿಚಿತರೊಬ್ಬರ ಬಳಿಗೆ ಅವರನ್ನು ಕರೆದೊಯ್ದೆವು.

ಆಕೆ ಕಾಯ್ದೆಯ ಮಾತನ್ನು ಆಮೇಲೆ ಹೇಳಿದರು. ಮೊದಲು ಕೇಳಿದ್ದು ಇಷ್ಟೆ: "ಆ ಹೆತ್ತ ಹುಡುಗಿಯನ್ನು ಯಾರಾದರೂ ಮಾತನಾಡಿಸಿದ್ದಾರೆಯೆ? ಮಗು ಬೇಡವೆಂದವಳು ಅವಳೋ, ಅವಳ ಪರವಾಗಿ ಹಣ ಎಣಿಸಿಕೊಳ್ಳುವವನೋ?" ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಡಿಲು ತುಂಬುವ ಆತುರದಲ್ಲಿ, ಬರಿದಾಗುವ ಇನ್ನೊಂದು ಮಡಿಲಿನ ಯೋಚನೆಯೇ ನಮಗೆ ಬಂದಿರಲಿಲ್ಲ.

ದತ್ತು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಮಲೆನಾಡಿನ ಕೆಳದಿಯ ರಾಣಿ ಚೆನ್ನಮ್ಮಾಜಿಯವರು ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡು ಸಂಸ್ಥಾನವನ್ನು ಮುಂದುವರಿಸಿದರು. ಕಿತ್ತೂರಿನ ದತ್ತುಪುತ್ರನನ್ನು ಕುಂಪಣಿ ಸರ್ಕಾರದ ಅಧಿಕಾರಿ ಥ್ಯಾಕರೆ ಮಾನ್ಯ ಮಾಡದೆ ಹೋದದ್ದೇ 1824ರ ಸಮರಕ್ಕೆ ಕಾರಣವಾಯಿತು. ಆ ವರ್ಷದ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿಯೇ ಮಡಿದನು. ಇಬ್ಬರು ಚೆನ್ನಮ್ಮಂದಿರ ಕಥೆಯನ್ನೂ ನಮ್ಮ ಮಕ್ಕಳು ಬಲ್ಲರು. ಆದರೆ ಆ ಕಾಲದಲ್ಲಿ ದತ್ತು ಎಂಬುದು ಸಿಂಹಾಸನಕ್ಕಾಗಿ, ಮನೆತನದ ಹೆಸರಿಗಾಗಿ, ಆಸ್ತಿಗಾಗಿ ನಡೆಯುತ್ತಿತ್ತು. ಗಂಡುಮಗುವೇ ಆಗಬೇಕಿತ್ತು. ಇಂದಿನ ಕಾನೂನಿನ ದೃಷ್ಟಿ ಬೇರೆ. ನಮ್ಮ ಕಾರ್ಯಕರ್ತೆ ಅದನ್ನು ಒಂದೇ ಮಾತಿನಲ್ಲಿ ಹೇಳಿದರು: "ನನ್ನ ಕೆಲಸ ಮಗುವಿಗೆ ಮನೆ ಹುಡುಕುವುದು, ಮನೆಗೆ ಮಗು ಹುಡುಕುವುದಲ್ಲ."

ಈಗ ದತ್ತು ಸ್ವೀಕಾರಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು 1956ರ ಹಿಂದೂ ದತ್ತು ಸ್ವೀಕಾರ ಮತ್ತು ಜೀವನಾಂಶ ಕಾಯ್ದೆ. ಇದು ಯಾರಿಗೆ ಅನ್ವಯಿಸುತ್ತದೆಂದು ಹೇಳುವ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ಬಂದಿವೆ. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದೂ, ದತ್ತಕ ಹೋಮ ಅವಶ್ಯವಿಲ್ಲವೆಂದೂ ಈ ಕಾಯ್ದೆ ಸಾರಿತು. ಅಣ್ಣನ ಮಗುವನ್ನೋ ತಂಗಿಯ ಮಗುವನ್ನೋ ತೆಗೆದುಕೊಳ್ಳುವ ಕುಟುಂಬಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಇದು. ಹೆತ್ತವರು ಕೊಡಬೇಕು, ಪಡೆಯುವವರು ಸ್ವೀಕರಿಸಬೇಕು. ಮಗುವಿಗೆ 15 ವರ್ಷ ತುಂಬಿರಬಾರದು. ಹಣದ ಕೊಡುಕೊಳ್ಳುವಿಕೆ ಕೂಡದು. ಪತ್ರವನ್ನು ನೋಂದಣಿ ಮಾಡಿಸಿಕೊಂಡರೆ ಮುಂದೆ ತಕರಾರು ಬಾರದು. ಒಮ್ಮೆ ಕ್ರಮವಾಗಿ ನಡೆದ ದತ್ತನ್ನು ರದ್ದು ಮಾಡುವಂತಿಲ್ಲವೆಂಬುದು ನೆನಪಿರಲಿ.

ಎರಡನೆಯದು ಅನಾಥ, ಪರಿತ್ಯಕ್ತ ಹಾಗೂ ಹೆತ್ತವರು ಒಪ್ಪಿಸಿದ ಮಕ್ಕಳಿಗಾಗಿ ಇರುವ ಮಾರ್ಗ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗು ಸಿಕ್ಕಿದ 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಮಗುವನ್ನು ಒಪ್ಪಿಸುವ ತಾಯಿಗೆ ಮನಸ್ಸು ಬದಲಿಸಲು 60 ದಿನಗಳ ಕಾಲಾವಕಾಶವಿದೆ. ಆ ಅರುವತ್ತು ದಿನಗಳು ತಮ್ಮ ಕೆಲಸದ ಅತ್ಯಂತ ಭಾರವಾದ ದಿನಗಳೆಂದು ಕಾರ್ಯಕರ್ತೆ ಹೇಳಿದರು. ತಾಯಿಯನ್ನು ಒತ್ತಾಯಿಸುವಂತಿಲ್ಲ, ಹೀಯಾಳಿಸುವಂತಿಲ್ಲ; ಆಕೆಯ ಗುಟ್ಟನ್ನು ಕಾಯಬೇಕು. ಕೆಲವರು ಮಗುವನ್ನು ಮರಳಿ ಕರೆದೊಯ್ಯುತ್ತಾರೆ. ಹಾಗಾದಾಗ ದತ್ತು ಪಡೆಯಲು ಕಾದಿರುವವರಿಗೆ ಒಂದು ಮಗು ಕಡಿಮೆಯಾಗಬಹುದು, ಆದರೆ ತಾವು ಸೋತೆವೆಂದು ಅವರು ಭಾವಿಸುವುದಿಲ್ಲ.

ಮಗುವನ್ನು ಪಡೆಯಬಯಸುವವರು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ದಂಪತಿಗಳಾದರೆ ಕನಿಷ್ಠ ಎರಡು ವರ್ಷ ನೆಮ್ಮದಿಯ ದಾಂಪತ್ಯ ನಡೆಸಿರಬೇಕು. ಎರಡು ವರ್ಷದೊಳಗಿನ ಮಗುವಿಗೆ ಗಂಡಹೆಂಡಿರ ವಯಸ್ಸು ಸೇರಿ 85 ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90ರ ಮಿತಿ. ಮೊದಲು ನ್ಯಾಯಾಲಯದಿಂದ ಬರುತ್ತಿದ್ದ ದತ್ತು ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳು ನೀಡುತ್ತಾರೆ. ನಮ್ಮ ಬಂಧುಗಳಲ್ಲಿ ಗಂಡನಿಗೆ 45, ಹೆಂಡತಿಗೆ 41, ಸೇರಿದರೆ 86. ಹಸುಗೂಸಿನ ಆಸೆಯನ್ನು ಬಿಡಬೇಕಾಯಿತು. ಆ ದಿನ ಸೊಸೆ ಅತ್ತಳು. ಎಳೆಯ ಕೂಸುಗಳಿಗಾಗಿ ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಕಾಯುತ್ತಿರುವಾಗ, ಸ್ವಲ್ಪ ಬೆಳೆದ ಮಕ್ಕಳು ಸಂಸ್ಥೆಗಳ ಕಿಟಕಿಯಲ್ಲಿ ನಿಂತು ಮನೆಗಾಗಿ ಕಾಯುತ್ತಾರೆಂದು ಕಾರ್ಯಕರ್ತೆ ಸಮಾಧಾನದಿಂದ ತಿಳಿಸಿದರು. ಒಂದು ತಿಂಗಳು ಆಲೋಚಿಸಿ ಇಬ್ಬರೂ ಒಪ್ಪಿ ಹೆಸರು ಬರೆಸಿದರು.

ಆಮೇಲೆ ಗೃಹ ಅಧ್ಯಯನ. ಇದರ ಹೆಸರು ಕೇಳಿದರೆ ನಮ್ಮವರಿಗೆ ಅಂಜಿಕೆ. ಪಹಣಿ, ಆದಾಯ ಪತ್ರ, ವೈದ್ಯರ ಪತ್ರ ಎಲ್ಲವನ್ನೂ ಜೋಡಿಸಿಟ್ಟು, ಪಡಸಾಲೆಗೆ ಸುಣ್ಣ ಬಳಿದು ಕಾಯುತ್ತಾರೆ. ಬಂದ ಕಾರ್ಯಕರ್ತೆ ಪಡಸಾಲೆಯನ್ನು ಅಷ್ಟಾಗಿ ನೋಡಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಎಲ್ಲರೊಡನೆ ಮಾತನಾಡಿದರು. ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೇಳಿದರು. ಕೊನೆಗೆ ಮನೆಯ ಹಿರಿಯಳಾದ ಅಜ್ಜಿಯ ಪಕ್ಕದಲ್ಲಿ ಬಂದು ಕುಳಿತರು.

ಅಜ್ಜಿ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವವರಲ್ಲ. "ಯಾರ ಹೊಟ್ಟೆಯದೋ, ಯಾವ ಜಾತಿಯದೋ. ನಮ್ಮವರ ಮಗುವೇ ಸಿಗುವ ಹಾಗಿಲ್ಲವೇನಮ್ಮ? ಹಾಗಲ್ಲದಿದ್ದರೆ ದೇವರ ಕೋಣೆಯೊಳಗೆ ಬಿಟ್ಟುಕೊಳ್ಳುವುದು ಹೇಗೆ?" ಎಂದರು.

ಎಲ್ಲರೂ ತಲೆ ತಗ್ಗಿಸಿದೆವು. ಕಾರ್ಯಕರ್ತೆ ಕೋಪಿಸಿಕೊಳ್ಳಲಿಲ್ಲ. "ಅಜ್ಜೀ, ಅರ್ಜಿಯಲ್ಲಿ ಜಾತಿ ಆರಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಬಿಟ್ಟುಹೋದ ಮಗುವಿನ ಜಾತಿ ನಮಗೂ ತಿಳಿದಿರುವುದಿಲ್ಲ. ನೀವು ಎತ್ತಿಕೊಳ್ಳುವುದಿಲ್ಲವೆಂದಾದರೆ ಈಗಲೇ ಹೇಳಿಬಿಡಿ, ನಿಮ್ಮನ್ನು ನಾನು ತಪ್ಪು ತಿಳಿಯುವುದಿಲ್ಲ. ಆದರೆ ವರದಿಯಲ್ಲಿ ಬರೆಯಲೇಬೇಕು. ಅಪ್ಪ ಅಮ್ಮ ಎಷ್ಟು ಮುದ್ದಿಸಿದರೂ ಮನೆಯಲ್ಲಿ ಒಬ್ಬರು ದೂರವಿಟ್ಟರೆ ಅದು ಮಗುವಿಗೆ ಗೊತ್ತಾಗುತ್ತದೆ. ಒಂದು ಸಲ ಬಿಟ್ಟುಹೋದ ಮಗುವಿಗೆ ಅದು ಬಹಳ ಬೇಗ ಗೊತ್ತಾಗುತ್ತದೆ" ಎಂದರು. ಇನ್ನೊಮ್ಮೆ ಬರುವುದಾಗಿ ಹೇಳಿ, ವರದಿ ಬರೆಯದೆ ಹೊರಟರು.

ಅಜ್ಜಿ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಮೂರನೆಯ ದಿನ, ಸೋಮವಾರದ ಪೂಜೆಗೆಂದು ಮನೆಗೆ ಬಂದ ಅಯ್ಯನವರಲ್ಲಿ ಇದನ್ನೇ ಕೇಳಿದರು. ವಯೋವೃದ್ಧರಾದ ಅವರು ಪಾದೋದಕದ ಬಟ್ಟಲನ್ನು ಕೆಳಗಿರಿಸಿ, "ಮಗುವಿಗೆ ಲಿಂಗ ಕಟ್ಟುವವನು ನಾನು. ಕಟ್ಟುವಾಗ ನಾನೇ ಕೇಳದ ಪ್ರಶ್ನೆಯನ್ನು ನೀವೇಕೆ ಕೇಳುತ್ತೀರಿ ತಾಯಿ?" ಎಂದರು. ಕಲ್ಯಾಣದ ಶರಣರ ಕೂಟದಲ್ಲಿ ಲಿಂಗವಂತನಾದವನ ಪೂರ್ವಾಶ್ರಯವನ್ನು ಎಣಿಸಬಾರದೆಂಬುದು ನಮಗೆಲ್ಲರಿಗೂ ತಿಳಿದದ್ದೇ. ಬಸವ ಜಯಂತಿಯ ವೇದಿಕೆಯಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಹೆಸರು ಕುಲ ತಿಳಿಯದ ಕೂಸೊಂದು ನಮ್ಮ ಹೊಸ್ತಿಲ ಹೊರಗೆ ನಿಂತಾಗಲೇ ನಾವು ಅದನ್ನು ನಂಬಿದ್ದೇವೆಯೇ ಎಂಬುದು ಗೊತ್ತಾಗುವುದು.

ಕಾರ್ಯಕರ್ತೆ ಎರಡನೆಯ ಬಾರಿ ಬಂದಾಗ ಅಜ್ಜಿ ಜಾತಿಯ ಮಾತೆತ್ತಲಿಲ್ಲ. "ಅಲ್ಲಿನ ಮಕ್ಕಳು ರಾಗಿ ಅಂಬಲಿ ಕುಡಿಯುತ್ತವೆಯೇ, ಹಾಲನ್ನವೇ ಅಭ್ಯಾಸವೇ?" ಎಂದು ಕೇಳಿದರು. ಆ ಸಂಜೆ ವರದಿ ಪೂರ್ಣವಾಯಿತು.

ಕಾಯುವ ಕಾಲ ದೀರ್ಘವಾಗಿತ್ತು. ಕೊನೆಗೆ ಮೂರು ವರ್ಷದ ಹೆಣ್ಣುಮಗುವೊಂದರ ಭಾವಚಿತ್ರ ಬಂತು. ಅದರೊಡನೆ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿಗಳೂ ಇದ್ದವು. 48 ಗಂಟೆಗಳಲ್ಲಿ ಒಪ್ಪಿಗೆ ತಿಳಿಸಬೇಕೆಂಬ ನಿಯಮವಿದ್ದರೂ ಇವರಿಗೆ ನಾಲ್ಕು ಗಳಿಗೆ ಸಾಕಾಯಿತು. ಆದೇಶ ಬರುವ ಮೊದಲೇ ದತ್ತುಪೂರ್ವ ಪೋಷಣೆಗಾಗಿ ಮಗು ಮನೆಗೆ ಬಂತು. ಅಯ್ಯನವರು ಲಿಂಗಧಾರಣೆ ಮಾಡಿ ಹೆಸರಿಟ್ಟರು.

ಮೊದಲ ದಿನಗಳು ಹಬ್ಬದಂತಿದ್ದವೆಂದು ಹೇಳಲಾರೆವು. ಮಗು ರಾತ್ರಿ ಎದ್ದು ಕೂರುತ್ತಿತ್ತು. ಊಟದ ರೊಟ್ಟಿಯಲ್ಲಿ ಒಂದು ಚೂರನ್ನು ದಿಂಬಿನಡಿಯಲ್ಲಿ ಬಚ್ಚಿಡುತ್ತಿತ್ತು. "ಬೈಯಬೇಡಿ, ತೆಗೆಯಲೂ ಬೇಡಿ. ನಾಳೆಯೂ ಊಟ ಸಿಗುತ್ತದೆಂಬ ನಂಬಿಕೆ ಬಂದ ದಿನ ತಾನೇ ಬಿಡುತ್ತಾಳೆ" ಎಂದು ಕಾರ್ಯಕರ್ತೆ ಮೊದಲೇ ಎಚ್ಚರಿಸಿದ್ದರು. ಎರಡು ತಿಂಗಳ ಮೇಲೆ ದಿಂಬಿನಡಿ ಬರಿದಾಯಿತು. ಅದನ್ನು ಮೊದಲು ಕಂಡವರು ಅಜ್ಜಿ.

ಇನ್ನೊಂದು ಎಚ್ಚರಿಕೆಯನ್ನೂ ಆಕೆ ಕೊಟ್ಟಿದ್ದರು. ದತ್ತಿನ ವಿಷಯವನ್ನು ಮಗುವಿಗೆ ಮುಚ್ಚಿಡಬಾರದು. ತರೀಕೆರೆ, ಕಡೂರು, ಅಜ್ಜಂಪುರದಂಥ ನಮ್ಮ ಊರುಗಳಲ್ಲಿ ಯಾವ ಗುಟ್ಟೂ ಉಳಿಯುವುದಿಲ್ಲ. ಶಾಲೆಯ ಅಂಗಳದಲ್ಲಿಯೋ ಆಸ್ತಿಯ ಜಗಳದಲ್ಲಿಯೋ ಪರರ ಬಾಯಿಂದ ಕೇಳಿದರೆ ಮಗುವಿಗೆ ತಂದೆತಾಯಿಗಳ ಮೇಲಿನ ವಿಶ್ವಾಸವೇ ಕುಸಿಯುತ್ತದೆ. ಬುದ್ಧಿ ಬಲಿಯುವ ಮೊದಲೇ ಕಥೆಯಂತೆ ಹೇಳುತ್ತ ಬಂದರೆ ಅದು ಗಾಯವಾಗುವುದಿಲ್ಲ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ವಿಚಾರಿಸುವ ಹಕ್ಕನ್ನೂ ನಿಯಮಗಳು ಆ ಮಗುವಿಗೆ ಕೊಟ್ಟಿವೆ.

ಆದೇಶವಾದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಕಾರ್ಯಕರ್ತೆ ಬಂದು ನೋಡಬೇಕೆಂಬ ವಿಧಿಯಿದೆ. ಮೊದಲ ಭೇಟಿಯ ದಿನ ನಾವೂ ಅಲ್ಲಿದ್ದೆವು. ಪರಿಚಿತ ಮುಖವನ್ನು ಕಂಡೊಡನೆ ಮಗು ಓಡಿಹೋಗಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ತನ್ನನ್ನು ಮರಳಿ ಕರೆದೊಯ್ಯಲು ಬಂದರೆಂಬ ಭಯ. "ಎಲ್ಲಿಗೂ ಕಳಿಸುವುದಿಲ್ಲ ಬಿಡು, ನೀನು ನನ್ನ ಮೊಮ್ಮಗಳು" ಎಂದು ಅಜ್ಜಿ ಬಿಗಿಯಾಗಿ ಅಪ್ಪಿಕೊಂಡರು. ತಾವು ಎತ್ತಿ ಆಡಿಸಿದ ಮಗುವೇ ತಮ್ಮನ್ನು ಕಂಡು ಹೆದರಿದರೆ ನೋವಾಗುವುದಿಲ್ಲವೇ ಎಂದು ನಾವು ಕೇಳಿದೆವು. ಕಾರ್ಯಕರ್ತೆ ಕಣ್ಣೊರೆಸಿಕೊಂಡು ನಕ್ಕು, "ಇದಕ್ಕಿಂತ ಒಳ್ಳೆಯ ವರದಿ ಯಾವುದಿದೆ?" ಎಂದರು.

ಮಧ್ಯವರ್ತಿಯ ಮಾತು ಕೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗ ನೆನೆದರೆ ಮೈ ನಡುಗುತ್ತದೆ. ಮಗುವಿನ ಮಾರಾಟ, ಖರೀದಿ ಎರಡಕ್ಕೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡವುಂಟು. ಸಜೆಗಿಂತ ಮಿಗಿಲಾಗಿ, ಎಂದಾದರೊಂದು ದಿನ ಪೊಲೀಸರು ಬಂದು ಮಗುವನ್ನು ಮಡಿಲಿನಿಂದ ಎತ್ತಿಕೊಂಡು ಹೋಗಬಹುದಾಗಿತ್ತು.

ಆದುದರಿಂದ ಸದ್ಭಕ್ತ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಸಂತಾನವಿಲ್ಲದ ಬಂಧುಗಳಿಗೆ ಬರಿಯ ಹರಕೆ ಹೇಳದೆ ಸರಿಯಾದ ದಾರಿಯನ್ನೂ ತೋರಿಸಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿದರೆ ವಿವರ ಸಿಗುತ್ತದೆ. ದಿಕ್ಕಿಲ್ಲದ ಮಗು ಕಂಡರೆ, ಅಥವಾ ಸಂಕಟದಲ್ಲಿರುವ ಬಸುರಿ ಹುಡುಗಿಯೊಬ್ಬಳು ಕಂಡರೆ, 1098ಕ್ಕೆ ದೂರವಾಣಿ ಮಾಡಿ. ಗೃಹ ಅಧ್ಯಯನಕ್ಕೆಂದು ಕಾರ್ಯಕರ್ತೆ ನಿಮ್ಮ ಮನೆಗೆ ಬಂದರೆ, ತನಿಖೆಗೆ ಬಂದವರೆಂದು ಅಂಜಬೇಡಿ. ಇನ್ನೂ ಮಾತು ಬಾರದ ಮಗುವಿನ ಪರವಾಗಿ ಬಂದವರೆಂದು ತಿಳಿದು, ಮನೆಯ ಹಿರಿಯರೆಲ್ಲರೂ ಜೊತೆಗೆ ಕುಳಿತು, ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಹೇಳಿ. ನಮ್ಮ ಆ ಅಜ್ಜಿಯಂತೆ, ಕಹಿಯನ್ನಾದರೂ ಸರಿ.