ಮೀನಿನ ಬಗ್ಗೆ ಭಯ ಬೇಡ, ಪರೀಕ್ಷೆ ಬೇಕು



ಮೀನಿನಲ್ಲಿ ಮೈಕ್ರೋಪ್ಲಾಸ್ಟಿಕ್ ಇದೆ, ತಿಂದರೆ ಕ್ಯಾನ್ಸರ್ ಖಚಿತ ಎಂಬ ಸಂದೇಶಗಳು ನಮ್ಮ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿವೆ. ಬಡವರ ತಾಟಿಗೆ ಬರುವ ಅಗ್ಗದ ಪೌಷ್ಟಿಕ ಆಹಾರವನ್ನು ಹೀಗೆ ಆಧಾರವಿಲ್ಲದೆ ಹಳಿಯುವುದು ಅನ್ಯಾಯ. ಏನೂ ಆಗುವುದಿಲ್ಲ ಬಿಡ್ರಿ ಎಂದು ಕೈಬಿಡುವುದೂ ಅಷ್ಟೇ ತಪ್ಪು.

ಐದು ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಇವುಗಳಿಂದ ಆರೋಗ್ಯಕ್ಕೆ ಎಷ್ಟು ಹಾನಿ ಎಂದು ಅಳೆಯಲು ಸಾಕಷ್ಟು ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅಪಾಯವೇ ಇಲ್ಲ ಎಂದು ಅದು ಹೇಳಲಿಲ್ಲ. ಇಟಲಿಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕತ್ತಿನ ರಕ್ತನಾಳದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಕಣ ಸಿಕ್ಕವರಿಗೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿದ್ದು ಕಂಡಿತು. ಪ್ಲಾಸ್ಟಿಕ್ಕೇ ಅದಕ್ಕೆ ಕಾರಣ ಎಂಬುದು ಅದರಿಂದ ಸಾಬೀತಾಗಿಲ್ಲ, ಆ ಕಣ ಮೀನಿನಿಂದಲೇ ಬಂತೆಂದೂ ತಿಳಿದಿಲ್ಲ.

ಸಮುದ್ರ ದೂರವಿದೆ, ನಮಗೇನು ಎನ್ನುವಂತಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಿಗೆ ಕರಾವಳಿಯ ಒಣ ಮೀನು, ಸೀಗಡಿ ಬರುತ್ತದೆ. ತಾಡಪತ್ರಿಯ ಮೇಲೆ ರಾಶಿ ಹಾಕಿ, ತೂಗಿ, ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕೊಡುತ್ತಾರೆ. ಆ ಚೀಲಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ! ಇನ್ನು ನಮ್ಮ ಮಲಪ್ರಭೆಯ ಮೀನಿನ ಮಾತೇನು? ಹುಬ್ಬಳ್ಳಿಯ ಕೊಳಚೆ ಹೊತ್ತ ಬೆಣ್ಣಿಹಳ್ಳ ರೋಣ ತಾಲ್ಲೂಕಿನ ಮೆಣಸಗಿಯ ಹತ್ತಿರ ಇದೇ ಹೊಳೆಗೆ ಸೇರುತ್ತದೆ. ಆ ನೀರಿನ ಮೀನನ್ನು ಪರೀಕ್ಷಿಸಿದ ವರದಿಯನ್ನು ಯಾರೂ ನಮ್ಮ ಮುಂದೆ ಇಟ್ಟಿಲ್ಲ.

ಆಹಾರದಲ್ಲಿನ ಪ್ಲಾಸ್ಟಿಕ್ ಕಣಗಳನ್ನು ಪತ್ತೆಹಚ್ಚುವ ವಿಧಾನ ರೂಪಿಸಲು ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರಲ್ಲಿ ಯೋಜನೆ ಆರಂಭಿಸಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯೂ ಅದರಲ್ಲಿದೆ. ಸಂತೆಯ ಒಣ ಮೀನು, ಹೊಳೆಯ ಮೀನು ಎರಡರ ಮಾದರಿಗಳನ್ನೂ ಗದಗ ಜಿಲ್ಲಾಡಳಿತ ಅಂಥ ಸಂಸ್ಥೆಗೆ ಕಳಿಸಿ, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು.

ಅಲ್ಲಿಯವರೆಗೆ ಓದುಗರು ಮೀನು ಬಿಡುವುದು ಬೇಡ. ಈ ಕಣಗಳು ಹೆಚ್ಚಾಗಿ ಸಿಗುವುದು ಮೀನಿನ ಕರುಳಿನಲ್ಲಿ. ದೊಡ್ಡ ಮೀನಿನ ಹೊಟ್ಟೆ ಸೀಳಿ ಸ್ವಚ್ಛ ಮಾಡಿಯೇ ಅಡಿಗೆ ಮಾಡುತ್ತೇವೆ. ಇಡಿಯಾಗಿ ತಿನ್ನುವ ಸಣ್ಣ ಒಣ ಮೀನಿನ ತಲೆ, ಕರುಳನ್ನೂ ತೆಗೆದು, ಚೆನ್ನಾಗಿ ತೊಳೆದು ಬಳಸಿ. ಸಂತೆಗೆ ಹೋಗುವಾಗ ಮನೆಯಿಂದಲೇ ಡಬ್ಬಿ ಒಯ್ಯಿರಿ.

— ಓರ್ವ ಓದುಗ, ರೋಣ