"ಡಿ.ಎಡ್ ಮಾಡಿ ಎಂತ ಪ್ರಯೋಜನ?" ಅಂತ ಕೇಳುವವರಿಗೆ



ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಕಾಲನಿಗಳಲ್ಲಿ ಪ್ರತಿ ವರ್ಷ ಒಂದೇ ಮಾತು. "ಡಿ.ಎಡ್ ಮಾಡಿ ಎಂತ ಪ್ರಯೋಜನ? ಎರಡು ವರ್ಷ ವೇಸ್ಟ್. ಪುತ್ತೂರಲ್ಲಿ ಬಟ್ಟೆ ಅಂಗಡಿಗೆ ಸೇರಿದ್ರೆ ತಿಂಗಳಿಗೆ ಸಂಬಳ ಆದ್ರೂ ಬರ್ತದೆ." ಕುಂಬ್ರದಿಂದ ಸುಳ್ಯದವರೆಗೆ, ಆಚೆ ಕಡಬದವರೆಗೆ ಇದೇ ಕಥೆ. ಹೇಳುವವರಲ್ಲಿ ವೇದಿಕೆ ಹತ್ತಿ "ಶಿಕ್ಷಣ, ಸಂಘಟನೆ, ಹೋರಾಟ" ಅಂತ ಘೋಷಣೆ ಕೂಗುವ ನಮ್ಮವರೂ ಇದ್ದಾರೆ. ಈ ಪೋಸ್ಟ್ ಅವರಿಗೆ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ.

ಬಾಬಾಸಾಹೇಬರನ್ನು ಗೋಣಿ ತಟ್ಟಿನ ಮೇಲೆ ಬೇರೆ ಕೂರಿಸಿದ್ದು ಎಲ್ಲಿ? ಶಾಲೆಯಲ್ಲಿ. ನಮ್ಮ ಮಗು ಮನೆಯಿಂದ ಹೊರಗೆ ಕಾಲಿಟ್ಟು ಮೊದಲು ಎದುರಾಗುವ ಅಧಿಕಾರ ಅಂದ್ರೆ ಒಂದನೇ ಕ್ಲಾಸಿನ ಟೀಚರ್. "ನಿನಗೆ ಇದು ಬರ್ತದೆ" ಅನ್ನುವವರೂ ಅವರೇ, "ಇವರಿಗೆಲ್ಲ ಎಲ್ಲಿ ಬರ್ತದೆ" ಅನ್ನುವವರೂ ಅವರೇ. ಆ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನುವುದು ಸಣ್ಣ ಪ್ರಶ್ನೆಯಾ?

ಜನವರಿ 3ಕ್ಕೆ ನಾವೆಲ್ಲ ಸಾವಿತ್ರಿಬಾಯಿ ಫುಲೆ ಫೋಟೋ ಸ್ಟೇಟಸ್ ಹಾಕ್ತೇವೆ. ಅವರು ಅಹಮದ್‌ನಗರದಲ್ಲಿ, ಪುಣೆಯಲ್ಲಿ ಶಿಕ್ಷಕಿ ತರಬೇತಿ ಪಡೆದವರು ಅಂತ ಎಷ್ಟು ಜನ ಹೇಳ್ತೇವೆ? ನಮ್ಮ ಜಿಲ್ಲೆಯಲ್ಲೇ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಅಜ್ಜಂದಿರಿಗೆ ಶಾಲೆ ತೆರೆದರು. ಅದಕ್ಕಾಗಿ ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ, ಅದರ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ ಅವರು ಬಯಸಿದ್ದನ್ನು ಎಲ್ಲ ಭಾಷಣದಲ್ಲೂ ಹೇಳ್ತಾರೆ. ಒಳ್ಳೆಯದೇ. ನನಗೆ ಚಾಕ್‌ಪೀಸಿನ ಧೂಳೂ ಬೇಕು.

ಈಗ ವಿಷಯಕ್ಕೆ ಬರುವ. ತರಬೇತಿ ಅಂದ್ರೆ ಎಂತ?

ನಮ್ಮ ಅಕ್ಕಂದಿರ ಕಾಲದಲ್ಲಿ ಟಿಸಿಎಚ್, ಆಮೇಲೆ ಡಿ.ಎಡ್, ಈಗ ಡಿ.ಎಲ್.ಇಡಿ. ಎರಡು ವರ್ಷ. ಪಿಯುಸಿಯಲ್ಲಿ ಸಾಮಾನ್ಯರಿಗೆ ನೂರಕ್ಕೆ 50, ಎಸ್‌ಸಿ/ಎಸ್‌ಟಿಗೆ 45 ಬೇಕು. ಕೋಚಿಂಗ್‌ಗೆ ಲಕ್ಷ ಸುರಿಯಬೇಕಾಗಿಲ್ಲ, ಅಂಕದ ಮೇಲೆ ಸೀಟು. ಜಿಲ್ಲೆಯ ಸರ್ಕಾರಿ ಸಂಸ್ಥೆ ಮಂಗಳೂರಿನ ಡಯಟ್. ಕುಂಬ್ರದಿಂದ ಅರವತ್ತು ಕಿಲೋಮೀಟರ್ ಆಸುಪಾಸು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಉಂಟು, ಆದರೆ ದಿನಾ ಹೋಗಿ ಬಂದು ರಾತ್ರಿ ಪಾಠಯೋಜನೆ ಬರೆಯುವುದು ಸುಲಭ ಅಲ್ಲ. ಹಾಸ್ಟೆಲ್‌ಗೆ ಅರ್ಜಿ ಹಾಕಲೇಬೇಕು.

"ಸುಲಭದ ಕೋರ್ಸ್" ಅಂದುಕೊಂಡು ಹೋದರೆ ಸೋಲ್ತೀರಿ. ಮಕ್ಕಳ ಮನಶ್ಶಾಸ್ತ್ರ, ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಕಲಿಸುವ ವಿಧಾನ, ಜೊತೆಗೆ ಚಾರ್ಟು, ಪಾಠೋಪಕರಣ, ಫೈಲು ಮೇಲೆ ಫೈಲು. ಎನ್‌ಸಿಟಿಇ ನಿಯಮದಂತೆ ಹಾಜರಿ ನೂರಕ್ಕೆ 80, ಇಂಟರ್ನ್‌ಶಿಪ್‌ನಲ್ಲಿ 90. ಶಾಲೆಗಳಲ್ಲಿ ಕಳೆಯಬೇಕಾದ್ದು ಕನಿಷ್ಠ 20 ವಾರ. ಅಂದ್ರೆ ನಡುವೆ ಅಡಿಕೆ ಸುಲಿಯಲು, ರಬ್ಬರ್ ಟ್ಯಾಪಿಂಗಿಗೆ ಹೋಗಿ ನಾಲ್ಕು ಕಾಸು ಸಂಪಾದಿಸುವ ಹಾಗಿಲ್ಲ. ಕೂಲಿ ಮನೆಯ ಮಗಳಿಗೆ ಈ ನಿಯಮದ ಬೆಲೆ ಎಷ್ಟು ಅಂತ ನಿಯಮ ಬರೆದವರಿಗೆ ಗೊತ್ತಿಲ್ಲ. ಆ ವಾರಗಳಿಗೆ ಸ್ಟೈಪೆಂಡ್ ಕೊಡಿ ಅಂತ ನಾವು ಯಾಕೆ ಕೇಳಿಲ್ಲ?

ಜಾತಿ? ಅದೂ ಸಿಲೆಬಸ್ಸಿನಲ್ಲಿ ಉಂಟು, ಪ್ರಿಂಟ್ ಆಗಿರುವುದಿಲ್ಲ ಅಷ್ಟೆ. ನಮ್ಮ ಜಿಲ್ಲೆಯಲ್ಲಿ ಹೆಸರಿನ ಹಿಂದೆ ರೈ, ಶೆಟ್ಟಿ, ಗೌಡ, ಭಟ್, ಪೂಜಾರಿ ಏನೂ ಇಲ್ಲದಿದ್ದರೆ ಪ್ರಶ್ನೆ ಶುರು: "ನೀವು ಯಾವ ಪೈಕಿ?" ನನಗೆ ಗೊತ್ತಿರುವ ಒಬ್ಬಳು ಹುಡುಗಿ ಇಂಟರ್ನ್‌ಶಿಪ್ ಶಾಲೆಯ ಹತ್ತಿರ ರೂಮ್ ಕೇಳಲು ಹೋದಳು. ಬೆಳಿಗ್ಗೆ ಖಾಲಿ ಇದ್ದ ರೂಮು, ಜಾತಿ ಗೊತ್ತಾದ ಮೇಲೆ ಸಂಜೆಗೆ "ಬೇರೆಯವರಿಗೆ ಕೊಟ್ಟಾಯ್ತು". ಅವಳು ಮೂರು ಬಸ್ಸು ಬದಲಿಸಿ ಹೋಗಿ ಇಂಟರ್ನ್‌ಶಿಪ್ ಮುಗಿಸಿದಳು. ನಲಿಕಲಿ ತರಗತಿಯಲ್ಲಿ ಎಲ್ಲ ಮಕ್ಕಳನ್ನು ಒಂದೇ ಸುತ್ತಿನಲ್ಲಿ ಕೂರಿಸಿ ಪಾಠ ಮಾಡಿದಳು. ಇದನ್ನು ವೇಸ್ಟ್ ಅಂತೀರಾ?

ಇನ್ನು ಸರ್ಕಾರಕ್ಕೆ.

ಡಿ.ಎಡ್ ಮುಗಿಸಿದ ಕೂಡಲೇ ಕೆಲಸ ಇಲ್ಲ ಅನ್ನುವುದು ನಿಜ. ಟಿಇಟಿ ಪಾಸಾಗಬೇಕು. 150 ಅಂಕ, ಸಾಮಾನ್ಯರಿಗೆ ನೂರಕ್ಕೆ 60, ನಮಗೆ 55. ಆಮೇಲೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬೇರೆ. 2022ರಲ್ಲಿ 15,000 ಹುದ್ದೆ ಕರೆದರಲ್ಲ ಅಂತೀರಾ? ಅದು ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರ ಹುದ್ದೆ. ಪಿಯುಸಿ ಮತ್ತು ಡಿ.ಎಡ್ ಮಾತ್ರ ಇದ್ದವರು ಅರ್ಜಿಯನ್ನೇ ಹಾಕುವ ಹಾಗೆ ಇರಲಿಲ್ಲ.

ಖಾಲಿ ಕ್ಲಾಸಿಗೆ ಅತಿಥಿ ಶಿಕ್ಷಕರು. 2025-26ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000. ರಜೆ ಬಂದರೆ ಸಂಬಳವೂ ರಜೆ. ಖಾಯಂ ಹುದ್ದೆಗೆ ರೋಸ್ಟರ್ ಉಂಟು, ನಮ್ಮ ಪಾಲು ಕಾಗದದಲ್ಲಿ ಬರೆದಿರ್ತದೆ. ಅತಿಥಿ ಹುದ್ದೆ ತುಂಬುವುದು ಶಾಲೆಯ ಮಟ್ಟದಲ್ಲಿ. ಅಲ್ಲಿ ನಮ್ಮ ಪಾಲಿನ ಲೆಕ್ಕ ಯಾರು ಇಡ್ತಾರೆ? ನಾನು ಆಫೀಸಿನಲ್ಲಿ ಫೈಲು ನೋಡುವ ಗುಮಾಸ್ತ. ಲೆಕ್ಕ ಇಡದ ಕಡೆ ಯಾರ ಪಾಲು ಮೊದಲು ಮಾಯ ಆಗ್ತದೆ ಅಂತ ಚೆನ್ನಾಗಿ ಗೊತ್ತು.

ಇನ್ನೊಂದು ಅಪಾಯ ಕೇಳಿ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬಿ.ಎಡ್ ಮಾಡಿದವರು ಒಂದರಿಂದ ಐದನೇ ತರಗತಿಗೆ ಅರ್ಹರಲ್ಲ ಅಂತ ಹೇಳಿತು. ಸಣ್ಣ ಮಕ್ಕಳಿಗೆ ಕಲಿಸಲು ಅದಕ್ಕೆಂದೇ ಇರುವ ತರಬೇತಿ ಬೇಕು. ಅಂದ್ರೆ ಡಿ.ಎಡ್‌ಗೆ ಬೆಲೆ ಬಂತು. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂತ ಹೇಳ್ತದೆ? 2030ರ ಹೊತ್ತಿಗೆ ಶಿಕ್ಷಕರಿಗೆ ಕನಿಷ್ಠ ಅರ್ಹತೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಎಡ್ ಅಂತ. ಗುಣಮಟ್ಟ ಹೆಚ್ಚಬೇಕು, ಸರಿ. ಎರಡು ವರ್ಷಕ್ಕೇ ಅಡವಿಡಲು ಬಂಗಾರ ಇಲ್ಲದ ಮನೆ ನಾಲ್ಕು ವರ್ಷ ಸಿಟಿಯಲ್ಲಿ ಮಗಳನ್ನು ಓದಿಸುವುದು ಹೇಗೆ? ಫೀಸು, ಹಾಸ್ಟೆಲ್, ಸ್ಟೈಪೆಂಡ್ ಜವಾಬ್ದಾರಿ ಯಾರದ್ದು ಅಂತ ಬರೆಯದೆ ಬಾಗಿಲು ಎತ್ತರ ಮಾಡಿದರೆ, ಒಳಗೆ ಹೋಗುವವರು ಯಾರು ಅಂತ ನಿಮಗೂ ಗೊತ್ತು ನನಗೂ ಗೊತ್ತು.

"55 ತೆಗೆದವರು ಪಾಠ ಮಾಡಿದ್ರೆ ಮಕ್ಕಳ ಗತಿ ಏನು" ಅಂತ ಕಮೆಂಟ್ ಹಾಕುವವರಿಗೆ ಒಂದೇ ಮಾತು. ನೂರಕ್ಕೆ 90 ತೆಗೆದು ನಮ್ಮ ಮಗುವನ್ನು ಹಿಂದಿನ ಬೆಂಚಿಗೆ ಕಳಿಸುವ ಮೆರಿಟ್ ನಮಗೆ ಬೇಡ.

ನಮ್ಮ ಬೇಡಿಕೆ:
1. ಟಿಇಟಿ ತಪ್ಪದೆ ಪ್ರತಿ ವರ್ಷ. ನೇಮಕಾತಿಗೆ ಮೊದಲೇ ಘೋಷಿಸಿದ ವೇಳಾಪಟ್ಟಿ.
2. ಇಂಟರ್ನ್‌ಶಿಪ್ ಅವಧಿಗೆ ಎಸ್‌ಸಿ/ಎಸ್‌ಟಿ ಪ್ರಶಿಕ್ಷಣಾರ್ಥಿಗಳಿಗೆ ಸ್ಟೈಪೆಂಡ್.
3. ಅತಿಥಿ ಶಿಕ್ಷಕರ ಆಯ್ಕೆಗೂ ರೋಸ್ಟರ್, ಪಟ್ಟಿ ನೋಟಿಸ್ ಬೋರ್ಡಿನಲ್ಲಿ.
4. ಡಯಟ್‌ನ ಡಿ.ಎಡ್ ಸೀಟು ಮುಚ್ಚಬಾರದು.

ತಂಗಿಯರೇ, ತಮ್ಮಂದಿರೇ, ಸೇರಿ. ಕಣ್ಣು ತೆರೆದು ಸೇರಿ. ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. ವರ್ಷದ ಆದಾಯ 2.5 ಲಕ್ಷದ ಒಳಗಿದ್ದರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ನೋಡಿ, ಅಲ್ಲೇ ತುಂಬ ಜನರ ದುಡ್ಡು ನಿಲ್ಲುವುದು. ಡಿ.ಎಡ್ ಆದ ಮೇಲೆ ಮುಕ್ತ ವಿವಿಯಲ್ಲಾದರೂ ಡಿಗ್ರಿ ಮಾಡಿ, ಎರಡೂ ಬಾಗಿಲು ತೆರೆದಿರಲಿ. ಅರ್ಜಿ ತುಂಬಿಸಲು ಗೊತ್ತಾಗದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಭಾನುವಾರ ಕುಂಬ್ರದಲ್ಲಿ ಕೂತು ತುಂಬಿಸುವ.

ಸಂಘಟನೆಯ ಅಣ್ಣಂದಿರೇ, ಈ ಸಲ ನಿಮ್ಮ ಕಾಲನಿಯಿಂದ ಒಬ್ಬರನ್ನಾದರೂ ಕಳಿಸಿ. ಆಮೇಲೆ ಘೋಷಣೆ ಕೂಗುವ.

ಜೈ ಭೀಮ್. ಜೈ ಸಾವಿತ್ರಿ.