ದೇವನಹಳ್ಳಿಯ ಪಕ್ಕದ ಪುಟ್ಟ ಸ್ಟೇಷನ್ನುಗಳು



ಊರಿಗೆ ಹೋದಾಗ ನಮ್ಮಲ್ಲಿ ಬಹಳಷ್ಟು ಜನ ಇಳಿಯುವುದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. ಇಳಿದವರೇ ಟ್ಯಾಕ್ಸಿ ಹತ್ತಿ ಬೆಂಗಳೂರಿನ ಕಡೆ ಹೊರಡುತ್ತೇವೆ. ಅಲ್ಲೇ ಪಕ್ಕದಲ್ಲಿ ನೂರು ವರ್ಷ ದಾಟಿದ ಒಂದು ರೈಲು ದಾರಿಯಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ಪುಟ್ಟ ಸ್ಟೇಷನ್ನುಗಳು ಅದರ ಮೇಲೇ ಇವೆ. ಎಷ್ಟು ಜನ ನೋಡಿದ್ದೀರಿ?

ಹಳೇ ಸ್ಟೇಷನ್ ಅಂದ ಕೂಡಲೇ ‘ಬ್ರಿಟಿಷರು ಕಟ್ಟಿದ್ದು’ ಎಂದುಬಿಡುವುದು ನಮಗೆ ಅಭ್ಯಾಸ. ಈ ದಾರಿ ಮೈಸೂರು ಸಂಸ್ಥಾನದ್ದು ಸ್ವಾಮಿ, ಅದೂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ (1912–18) ಕಾಲದ್ದು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ರೈಲು ಬಂತು. ಆ ದಶಕ ಮುಗಿಯುವುದರೊಳಗೆ ಅದು ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳನ್ನೂ ಮುಟ್ಟಿತು. ಹಳಿಗಳ ನಡುವಿನ ಅಗಲ ಬರೀ 2 ಅಡಿ 6 ಅಂಗುಲ. ಬ್ರಾಡ್‌ಗೇಜಿನದು 5 ಅಡಿ 6 ಅಂಗುಲ. ಹಗುರವಾದ ಹಳಿ, ಚಿಕ್ಕ ಸೇತುವೆ, ಕಡಿಮೆ ಖರ್ಚು. ದೊಡ್ಡ ಕಂಪನಿಗಳು ಮೂಸಿಯೂ ನೋಡದಂಥ ಹಳ್ಳಿಗಳಿಗೆ ರೈಲು ತರಲು ಇದ್ದ ಉಪಾಯ ಅದೇ.

1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ದಾರಿ ಬ್ರಾಡ್‌ಗೇಜ್ ಆಯಿತು. ಚಿಕ್ಕಬಳ್ಳಾಪುರ–ಕೋಲಾರದ ಭಾಗ ಮತ್ತೆ ಶುರುವಾಗಲು 2013 ಬರಬೇಕಾಯಿತು. ಹೊಸ ಹಳಿ ಬಂದಮೇಲೆ ಮಂಗಳೂರು ಹೆಂಚಿನ ಹಳೇ ಕಟ್ಟಡಗಳಿಗೆ ಕೆಲಸವಿಲ್ಲದೆ ಪಾಳು ಬಿದ್ದವು. ವಿಮಾನ ನಿಲ್ದಾಣ 2008ರಲ್ಲೇ ತೆರೆದರೂ ಅದರ ಹತ್ತಿರ ರೈಲಿಗೊಂದು ಹಾಲ್ಟ್ ಸಿಕ್ಕಿದ್ದು 2021ರ ಜನವರಿಯಲ್ಲಿ. (ಹನ್ನೆರಡು ವರ್ಷ! ಈ ವಿಷಯ ಇನ್ನೊಂದು ಸಲ ಬರೆಯುತ್ತೇನೆ.)

ಈಚೆಗೆ ಇಂಟ್ಯಾಕ್‌ನ ಬೆಂಗಳೂರು ಘಟಕ ರೈಲ್ವೆಯವರ ಜೊತೆ ಸೇರಿ ಈ ಕಟ್ಟಡಗಳ ದುರಸ್ತಿಗೆ ಕೈಹಾಕಿದ್ದು ಸಂತೋಷದ ವಿಷಯ. ನನ್ನ ತಕರಾರು ಮುಂದಿನದರ ಬಗ್ಗೆ. ನಾನಿರುವ ಇಂಗ್ಲೆಂಡಿನಲ್ಲಿ, ಡರ್ಬಿಶೈರ್‌ನ ಮಿಲ್ಲರ್ಸ್ ಡೇಲ್ ಸ್ಟೇಷನ್ 1967ರಲ್ಲಿ ಮುಚ್ಚಿತು. ಈಗ ಹಳಿಯಿದ್ದ ಜಾಗದಲ್ಲಿ ಜನ ನಡೆದಾಡುತ್ತಾರೆ, ಸ್ಟೇಷನ್ನಿನಲ್ಲಿ ಕಾಫಿ ಕುಡಿಯುತ್ತಾರೆ, ಅದರ ಕಥೆಯನ್ನು ತಮ್ಮ ನುಡಿಯಲ್ಲೇ ಓದುತ್ತಾರೆ. ನಂದಿ ಹಾಲ್ಟ್‌ನಲ್ಲೂ ಕಾಫಿ ಸಿಗಲಿ, ಬೇಡವೆನ್ನುವುದಿಲ್ಲ. ಆದರೆ ಬೆಟ್ಟ ನೋಡಲು ಕಾರಿನಲ್ಲಿ ಬರುವವರಿಗಾಗಿ ಇಂಗ್ಲಿಷ್ ಬೋರ್ಡು ಮಾತ್ರ ಹಾಕಿ, ಪಕ್ಕದ ಹಳ್ಳಿಯ ಹುಡುಗ ಒಳಗೆ ಬರಲೂ ಹಿಂಜರಿಯುವಂತಾದರೆ ಆ ದುರಸ್ತಿ ಯಾರಿಗಾಗಿ? ಮೊದಲು ಕನ್ನಡದಲ್ಲಿ ಇತಿಹಾಸದ ಫಲಕ, ಒಂದು ಕೋಣೆಯಲ್ಲಿ ಊರಿನ ಮಕ್ಕಳಿಗೆ ವಾಚನಾಲಯ. ಮಿಕ್ಕಿದ್ದೆಲ್ಲ ಆಮೇಲೆ.

ಬೆಂಗಳೂರು ವಿಭಾಗದ ಡಿ.ಆರ್.ಎಂ. ಕಚೇರಿಗೆ ಇದನ್ನೇ ಕೇಳಿ ಪತ್ರ ಬರೆಯುತ್ತಿದ್ದೇನೆ. ನೀವೂ ಬರೆಯಿರಿ, ಕನ್ನಡದಲ್ಲೇ.